ನಾಲ್ಕು ಗಂಟೆ ಮೊದಲೇ ತೆರೆಯಿರಿ

ಫೆಬ್ರವರಿ 11

ಪ್ರೀತಿಯ ಅಂಕಪ್ಪನಿಗೆ,

ಒಂಬತ್ತು ವರ್ಷದ ಮೇಲೆ ಅಕ್ಕನ ಕೈಬರಹ ನೋಡಿ ಮೂಗಿನ ಮೇಲೆ ಬೆರಳಿಟ್ಟಿರುತ್ತೀಯ. ಇಡು. ನಾನೂ ದಿನಾ ಇಟ್ಟುಕೊಂಡು ನೋಡುತ್ತಿದ್ದೇನೆ. ಆಶ್ಚರ್ಯಕ್ಕಲ್ಲ, ಅದು ಇನ್ನೂ ಅಲ್ಲೇ ಇದೆಯಾ ಅಂತ. ಇದೆ, ಮೊದಲಿನಷ್ಟೇ ಉದ್ದಕ್ಕೆ. ಕೆಲಸ ಮಾತ್ರ ಬಿಟ್ಟಿದೆ.

ಡಿಸೆಂಬರ್ ಕೊನೆಯಲ್ಲಿ ಜ್ವರ ಬಂತು. ಐದು ದಿನ ಮಲಗಿ, ಆರನೆಯ ದಿನ ವೈನರಿಯ ನೆಲಮಾಳಿಗೆಗೆ ಇಳಿದೆ. ಇಪ್ಪತ್ತೆರಡು ವರ್ಷದಿಂದ ಇಳಿಯುತ್ತಿರುವ ಮೆಟ್ಟಿಲು. ಹತ್ತನೆಯದರಲ್ಲಿ ಓಕ್ ಮರದ ವಾಸನೆ ಎದುರಾಗಬೇಕು, ಹದಿನಾರನೆಯದರಲ್ಲಿ ಒದ್ದೆ ಕಲ್ಲು, ಕೊನೆಯದರಲ್ಲಿ ವೈನು. ಒಬ್ಬರಾದ ಮೇಲೆ ಒಬ್ಬರು ಬಂದು ಕೈ ಹಿಡಿದು ಇಳಿಸುತ್ತಿದ್ದರು. ಆ ದಿನ ಬರೀ ಮೆಟ್ಟಿಲು. ಯಾವುದೋ ಅಪರಿಚಿತರ ಮನೆಗೆ ತಪ್ಪಿ ಬಂದೆನೇನೋ ಎಂದು ದೀಪ ಹಾಕಿ ನೋಡಿದೆ. ಪೀಪಾಯಿಗಳೆಲ್ಲ ನನ್ನವೇ. ಡಾಕ್ಟರು, “ವಾಸನೆ ವಾಪಸ್ ಬರಬಹುದು, ಬರದೆಯೂ ಇರಬಹುದು” ಅಂದರು. ಮೊದಲು ಹವಾಮಾನ ಇಲಾಖೆಯಲ್ಲಿದ್ದರೋ ಏನೋ.

ನನ್ನ ಕೆಲಸವೇನೆಂದು ನಿನಗೆ ಹೇಳಬೇಕಾಗಿಲ್ಲ. ಐದು ಜಾತಿಯ ದ್ರಾಕ್ಷಿಯ ಐದು ಕೆಂಪು ವೈನನ್ನು ಬೆರೆಸಿ, ಫ್ರಾನ್ಸಿನ ಬೋರ್ಡೋ ಶೈಲಿಯ ಒಂದೇ ವೈನು ಮಾಡುವುದು. ಯಾವುದು ಎಷ್ಟು ಪಾಲು ಎಂದು ಏಪ್ರಿಲ್ ಮುಗಿಯುವುದರೊಳಗೆ ನಾನು ಹೇಳಬೇಕು. ಮೇ ಮಧ್ಯಕ್ಕೆ ಸೀಸೆ ತುಂಬುವ ಯಂತ್ರ ಬರುತ್ತದೆ. ನನ್ನ ಮೂಗು ಹೋದದ್ದು ಪೀಪಾಯಿ ರಿಪೇರಿ ಮಾಡುವ ಮಾಮನೊಬ್ಬನಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಮಾಲೀಕರಿಗೆ ಗೊತ್ತಾದರೆ ಹೊರಗಿನಿಂದ ಒಬ್ಬ ಸಲಹೆಗಾರ ಬರುತ್ತಾನೆ, ಪ್ರತಿವರ್ಷಕ್ಕೂ ಒಂದೇ ಅಳತೆ ಬರೆದಿಟ್ಟು ಹೋಗುತ್ತಾನೆ. ಆಮೇಲೆ ವೈನಿಗೂ ನನಗೂ ಮಾತುಕತೆ ಮುಗಿದ ಹಾಗೆ.

ನಾಲಿಗೆ ನೆಟ್ಟಗಿದೆ. ಹುಳಿ ಗೊತ್ತಾಗುತ್ತದೆ, ಕಹಿ ಗೊತ್ತಾಗುತ್ತದೆ, ಒಗರು ಒಸಡನ್ನು ಉಜ್ಜುವುದೂ ಗೊತ್ತಾಗುತ್ತದೆ. ಕತ್ತಲಲ್ಲಿ ಗೋಡೆ ಸವರಿಕೊಂಡು ಹೋದ ಹಾಗೆ. ಗೋಡೆ ಸಿಗುತ್ತದೆ, ಮನೆ ಸಿಗುವುದಿಲ್ಲ.

ಅದಕ್ಕೆ ನಿನ್ನ ಮೂಗು ಎರವಲು ಬೇಕು. ಐದು ಪುಟ್ಟ ಸೀಸೆ ಕಳಿಸಿದ್ದೇನೆ, ಐದು ದ್ರಾಕ್ಷಿಯವು. ಮೂಗಿಗೆ ಬಂದದ್ದನ್ನು ಬಂದ ಹಾಗೇ ಬರೆ. ಆರನೆಯದು ದೊಡ್ಡ ಸೀಸೆ. ಅದರ ಚೀಟಿ ನಾನೇ ನೀರಲ್ಲಿ ನೆನೆಸಿ ಕಿತ್ತಿದ್ದೇನೆ. ಅದನ್ನು ಕೊನೆಗೆ, ಒಂದು ಬೆಳಿಗ್ಗೆ ತೆರೆದು, ದಿನವಿಡೀ ಜೊತೆಗೆ ಕೂತಿರು. ಅದೇನೆಂದು ಕೇಳಬೇಡ.

ಇಷ್ಟು ವರ್ಷ ಯಾಕೆ ಬರೆಯಲಿಲ್ಲ ಅಂತಲೂ ಕೇಳಬೇಡ. ಕೇಳಿದರೆ ಹೇಳಿಬಿಡುತ್ತೇನೆ.

ನಿನ್ನ ಅಕ್ಕ (ಇನ್ನೂ)


ಫೆಬ್ರವರಿ 24

ಅಕ್ಕನಿಗೆ ನಮಸ್ಕಾರಗಳು.

ಪತ್ರ ತಲುಪಿತು. ಆರೋಗ್ಯದ ವಿಷಯ ತಿಳಿದು ಬೇಸರವಾಯಿತು. ಸೀಸೆಗಳು ಒಡೆಯದೆ ಬಂದಿವೆ. ಪರೀಕ್ಷೆಯ ವಿವರ ಹೀಗಿದೆ:

ಒಂದು, ಕ್ಯಾಬರ್ನೆ ಸಾವಿನ್ಯೋನ್. ಬಣ್ಣ ಗಾಢ. ಪರಿಮಳ ಮಧ್ಯಮಕ್ಕಿಂತ ಮೇಲು, ಕಪ್ಪು ಹಣ್ಣು. ಒಗರು ಹೆಚ್ಚು. ಇಪ್ಪತ್ತಕ್ಕೆ ಹದಿನೈದೂವರೆ.
ಎರಡು, ಮೆರ್ಲೋ. ಮೃದು. ಹಣ್ಣು ಸಾಕಷ್ಟು. ಹದಿನೈದು.
ಮೂರು, ಕ್ಯಾಬರ್ನೆ ಫ್ರಾಂಕ್. ಹಸಿರು ಛಾಯೆ ಇದೆ, ದೋಷವಲ್ಲ. ಹದಿನಾಲ್ಕೂವರೆ.
ನಾಲ್ಕು, ಪೆಟಿ ವೆರ್ಡೋ. ಒರಟು. ಹದಿಮೂರು.
ಐದು, ಮಾಲ್ಬೆಕ್. ತೃಪ್ತಿಕರ. ಹದಿನಾಲ್ಕು.

ಆರನೆಯದನ್ನು ಇನ್ನೂ ತೆರೆದಿಲ್ಲ. ಮುಂದಿನ ವಾರ ಎರಡು ವೈನ್ ಸ್ಪರ್ಧೆಗಳಲ್ಲಿ ತೀರ್ಪುಗಾರನಾಗಿ ಕೂರಬೇಕಾಗಿದೆ. ಬಿಡುವಾದಾಗ ತೆರೆಯುತ್ತೇನೆ.

ನಿನ್ನ ತಮ್ಮ


ಮಾರ್ಚ್ 5

ಅಂಕಪ್ಪಾ,

ನಿನ್ನ ಪತ್ರವನ್ನು ಪೀಪಾಯಿ ಮಾಮನಿಗೆ ಓದಿ ಹೇಳಿದೆ. ಅವನು ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟು, “ಪಾಪ, ಯಾರ ಮಕ್ಕಳ ರಿಸಲ್ಟು?” ಅಂದ.

ಇನ್ನೊಬ್ಬರ ನೆತ್ತಿಯ ಮೇಲೆ ಸಂಖ್ಯೆ ಇಡಲು ನಿನ್ನನ್ನು ಕೇಳಿದ್ದೇನೇನೋ? ‘ತೃಪ್ತಿಕರ’ ಅಂತೆ. ಮಾಲ್ಬೆಕ್ ಏನು, ಶಾಲೆಗೆ ಸರಿಯಾಗಿ ಬರುತ್ತಿದೆಯಾ? ‘ಕಪ್ಪು ಹಣ್ಣು’ ಎಂದರೆ ಯಾವ ಹಣ್ಣು, ಯಾವ ಹೊತ್ತಿನದು, ಗಿಡದ ಮೇಲಿತ್ತೋ ನೆಲಕ್ಕೆ ಬಿದ್ದಿತ್ತೋ?

ನೆನಪು ಮಾಡಿಕೋ. ಅಪ್ಪ ಪುಸ್ತಕಕ್ಕೆ ಬೈಂಡ್ ಹಾಕುತ್ತಿದ್ದ ಕೋಣೆ. ಕೆಲಸ ಇಲ್ಲದ ಮಧ್ಯಾಹ್ನ ಕ್ಯಾಲಿಕೋ ಬಟ್ಟೆಯ ತುಂಡಿನಿಂದ ನಮ್ಮಿಬ್ಬರ ಕಣ್ಣು ಕಟ್ಟಿ, ಒಂದೊಂದೇ ವಸ್ತು ಮೂಗಿನ ಹತ್ತಿರ ತರುತ್ತಿದ್ದರು. ಬೆಚ್ಚಗಿನ ಅಂಟು. ಮೇಣ ಉಜ್ಜಿದ ದಾರ. ತೊಗಲಿನ ಒಳಮೈ, ಹೊರಮೈ. ನೀನು ಪ್ರತಿ ಸಲ, “ಅಪ್ಪಾ, ನಂಗೆಷ್ಟು ಮಾರ್ಕು?” ಅನ್ನುತ್ತಿದ್ದೆ. ಅಂಕಪ್ಪ ಅಂತ ಹೆಸರು ಬಿದ್ದದ್ದು ಹಾಗೆ. ಅಪ್ಪ ಮಾರ್ಕು ಕೊಡುತ್ತಿರಲಿಲ್ಲ. “ಏನು ಕಾಣಿಸ್ತು, ಅದು ಹೇಳು ಮಗಾ” ಅನ್ನುತ್ತಿದ್ದರು. ಕಣ್ಣು ಕಟ್ಟಿದ ಮಕ್ಕಳಿಗೆ ‘ಕಾಣಿಸ್ತು’ ಅನ್ನುವ ಮನುಷ್ಯ!

ನನಗೆ ಈಗ ವಾಸನೆ ಇಲ್ಲ, ಆದರೆ ಆ ಕೋಣೆಯ ನೆನಪು ಒಂದು ಎಳೆಯೂ ಕಳೆದಿಲ್ಲ. ನೀನು ‘ಅಪ್ಪನ ಕತ್ತರಿ’ ಎಂದು ಬರೆದರೆ ಸಾಕು, ನನ್ನ ತಲೆಯೊಳಗೆ ಕಬ್ಬಿಣ ತಣ್ಣಗೆ ಬಂದು ನಿಲ್ಲುತ್ತದೆ. ಆ ಭಾಷೆ ತಿಳಿದವರು ಲೋಕದಲ್ಲಿ ನಾವಿಬ್ಬರೇ. ಅದರಲ್ಲಿ ಬರೆ. ತೆರೆದವು ಕೆಟ್ಟಿರುತ್ತವೆ, ಐದನ್ನೂ ಹೊಸದಾಗಿ ಕಳಿಸಿದ್ದೇನೆ.

ಇನ್ನೊಂದು ಮಾತು. ಹೇಳಬಾರದೆಂದಿದ್ದೆ, ಹೇಳಿಬಿಡುತ್ತೇನೆ. ಒಂಬತ್ತು ವರ್ಷದ ಹಿಂದೆ ನಾನು ಮೊದಲ ಸಲ ಒಬ್ಬಳೇ ಬೆರೆಸಿದ ವೈನು ನಿಮ್ಮ ಸ್ಪರ್ಧೆಗೆ ಬಂತು. ನಾಲ್ವರು ತೀರ್ಪುಗಾರರು ಹದಿನಾರರ ಮೇಲೆ ಕೊಟ್ಟರು. ಐದನೆಯವನು ಹನ್ನೊಂದು ಕೊಟ್ಟ. ಪದಕ ತಪ್ಪಿತು. ‘ಸೀಸೆಗೆ ಚೀಲ ಹಾಕಿದ್ದರು, ಯಾರದೆಂದು ಗೊತ್ತಿರಲಿಲ್ಲ’ ಎಂದು ನೀನು ಬರೆದೆ. ಸರಿ, ನಂಬಿದೆ. ಪದಕದ ಸಿಟ್ಟು ಇಳಿದು ಯಾವ ಕಾಲವಾಯಿತು. ಆದರೆ ಒಂದು ಸಂಶಯ ಮಾತ್ರ ಪೀಪಾಯಿಯ ತಳದ ಗಸಿಯ ಹಾಗೆ ಉಳಿದಿದೆ. ಆ ದಿನ ನಿನ್ನ ಮೂಗು ತಪ್ಪಿತ್ತೋ? ಹಾಗಾದರೆ ಇವತ್ತೂ ತಪ್ಪಬಹುದು. ಆಗ ಇಪ್ಪತ್ತೆರಡು ವರ್ಷದ ಕೆಲಸವನ್ನು ನಿನ್ನ ಮೂಗಿನ ತುದಿಗೆ ನೇತುಹಾಕಿ ನಾನು ಮೂರ್ಖಳಾಗುತ್ತೇನೆ.

ಉತ್ತರ ಈಗಲೇ ಬೇಡ. ಆರನೆಯದನ್ನು ತೆರೆ.

ಅಕ್ಕ


ಮಾರ್ಚ್ 19

ಅಕ್ಕಾ,

ಹದಿನೈದು ವರ್ಷದಲ್ಲಿ ಇಷ್ಟು ನಿಧಾನವಾಗಿ ಸವಿದಿರಲಿಲ್ಲ. ಕೆಲಸದಲ್ಲಿ ಒಂದು ಲೋಟಕ್ಕೆ ನಲವತ್ತು ಸೆಕೆಂಡು. ಆಡಿಸು, ಮೂಸು, ಸವಿ, ಉಗಿ, ಬರೆ. ನಿನ್ನೆ ಅಂಕದ ಹಾಳೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈ ಪಕ್ಕದ ಮನೆಯವರಿಗೆ ಕೊಟ್ಟೆ. “ಕಳ್ಳರ ಭಯವೇನ್ರೀ?” ಅಂದರು. “ಇಲ್ಲ, ನನ್ನದೇ ಭಯ” ಅಂದೆ.

ಒಂದನೆಯದು ರಟ್ಟು. ಬರೀ ರಟ್ಟಲ್ಲ, ಅಪ್ಪ ಎರಡು ಪದರ ಅಂಟಿಸಿ, ಪ್ರೆಸ್ಸಿನಲ್ಲಿ ಒತ್ತಿ, ಮೂರನೆಯ ದಿನ ಹೊರತೆಗೆದ ರಟ್ಟು. ಬೆರಳಲ್ಲಿ ತಟ್ಟಿದರೆ ಬಾಗಿಲಿನ ಸದ್ದು ಬರುತ್ತಿತ್ತಲ್ಲ, ಅದು. ಹಿಂದೆ ಹಣ್ಣಿದೆ. ನಾವು ಶಾಲೆಯ ಗೋಡೆಯ ಮೇಲೆ ಕೂತು ತಿಂದು, ಅಂಗಿಗೆ ಕಲೆ ಮಾಡಿಕೊಂಡ ನೇರಳೆ, ಅಂಗಿ ಒಗೆದ ಮೇಲೆ ಉಳಿದ ನೇರಳೆ. ಹೆಸರಿನಲ್ಲಿ ಸಾವಿದ್ದರೂ ಸಾವಿನ್ಯೋನ್ ಮಹಾ ಗಟ್ಟಿಪಿಂಡ. ನಮ್ಮನ್ನೆಲ್ಲ ಕಳಿಸಿಕೊಟ್ಟೇ ಹೋಗುತ್ತದೆ.

ಎರಡನೆಯದು ಮೆರ್ಲೋ, ಹಾಳೆಗಳ ಕಟ್ಟು. ಅಂಚು ಕತ್ತರಿಸುವ ಮೊದಲು ಕೆನ್ನೆಗೆ ಒತ್ತಿಕೊಳ್ಳುತ್ತಿದ್ದೆವಲ್ಲ. ಹಣ್ಣಾದ ಪ್ಲಮ್ಮು ಬಿಸಿಲಲ್ಲಿ ಬಿರಿದಂತೆ. ಅಮ್ಮನ ಹೊಲಿಗೆ ಯಂತ್ರದ ಎಣ್ಣೆ ಎಲ್ಲೋ ಒಂದು ಹನಿ.

ಮೂರನೆಯದು. ಇಲ್ಲಿ ನಿಲ್ಲುತ್ತೇನೆ. ಮೊನ್ನೆ ‘ಹಸಿರು ಛಾಯೆ’ ಎಂದು ಬರೆದಿದ್ದೆ, ನಾಚಿಕೆಯಾಗುತ್ತಿದೆ. ಅಕ್ಕಾ, ಇದು ಅಪ್ಪನ ಮೇಜಿನ ಎಡಗಡೆ ಡ್ರಾಯರು. ಪೆನ್ಸಿಲ್ ಹೆರೆದ ಸಿಪ್ಪೆ, ಒಣಗಿದ ಎಲೆ, ದಾರಕ್ಕೆ ಉಜ್ಜುವ ಮೇಣದ ತುಂಡು. ಎಳೆಯುವಾಗ ಸಿಕ್ಕಿಕೊಂಡು, ಆಮೇಲೆ ಒಮ್ಮೆಲೇ ತೆರೆದುಕೊಳ್ಳುತ್ತಿತ್ತಲ್ಲ, ಹಾಗೇ ತೆರೆಯಿತು. ಲೋಟ ಕೆಳಗಿಟ್ಟು ಕಿಟಕಿಗೆ ಹೋದೆ. ಮೂರು ಮಹಡಿ ಕೆಳಗೆ ಬಸ್ಸು ಹೊಗೆ ಬಿಡುತ್ತ ನಿಂತಿತ್ತು. ಆ ಹೊಗೆಯೂ ಚೆನ್ನಾಗಿದೆ ಅನ್ನಿಸಿತು. ನನಗೆ ಮೂಗಿದೆ ಎಂದು ಇಷ್ಟು ವರ್ಷ ಮರೆತೇ ಹೋಗಿತ್ತು. ಬರೀ ಉಪಯೋಗಿಸುತ್ತಿದ್ದೆ.

ನಾಲ್ಕನೆಯದು ಒರಟೇ. ದಬ್ಬಣದಂಥ ವೈನು. ಆದರೆ ಹಿಂದೆ ನೇರಳೆ ಬಣ್ಣದ ಹೂವಿದೆ, ಶಾಯಿಯಿದೆ. ಇದನ್ನು ಕಡಿಮೆ ಮಾಡು, ಬಿಡಬೇಡ. ಬಿಟ್ಟರೆ ಪುಸ್ತಕಕ್ಕೆ ಹೊಲಿಗೆಯೇ ಇರುವುದಿಲ್ಲ. ಐದನೆಯದು ಒಳ್ಳೆಯ ಹುಡುಗ, ಎಲ್ಲರೊಂದಿಗೂ ನಗುತ್ತದೆ. ತೃಪ್ತಿಕರ ಎಂದದ್ದು ಹಿಂತೆಗೆದುಕೊಂಡೆ. ಚಿಟಿಕೆಯಷ್ಟು ಸಾಕು.

ಆರನೆಯದನ್ನು ನಾಳೆ ತೆರೆಯುತ್ತೇನೆ. ಸ್ಪರ್ಧೆ ಮುಗಿದು ಹತ್ತು ದಿನವಾಯಿತು. ಬಿಡುವಿಲ್ಲ ಎಂದದ್ದು ಸುಳ್ಳು.

ತಮ್ಮ


ಮಾರ್ಚ್ 21

ಅಕ್ಕಾ,

ನಿನ್ನ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ.

ನಿನ್ನೆ ಬೆಳಿಗ್ಗೆ ಎಂಟಕ್ಕೆ ಬಿರಡೆ ತೆಗೆದೆ. ಲೋಟಕ್ಕೆ ಸುರಿದು ಬಿಳಿ ಹಾಳೆಯ ಮೇಲೆ ಓರೆ ಮಾಡಿದೆ. ನಡುವೆ ಗಾಢ ಕೆಂಪು, ಅಂಚಿನಲ್ಲಿ ಇಟ್ಟಿಗೆಯ ಬಣ್ಣ. ಎಂಟು ವರ್ಷ, ಇಲ್ಲವೇ ಒಂಬತ್ತು. ಲೋಟ ಕೆಳಗಿಟ್ಟು ವರ್ಷ ಇನ್ನೊಮ್ಮೆ ಎಣಿಸಿದೆ.

ಎಂಟೂಕಾಲಿಗೆ ಏನೂ ಇಲ್ಲ. ಮುಚ್ಚಿದ ಕದ. ಒಗರು ನಾಲಿಗೆಯನ್ನು ಹಿಡಿದು, “ಯಾರು ನೀನು?” ಎಂದು ಕೇಳಿತು.

ಒಂಬತ್ತಕ್ಕೆ ಶಾಯಿ. ಹತ್ತಕ್ಕೆ ತೊಗಲು, ಮೊದಲು ಹೊರಮೈ, ಆಮೇಲೆ ಒಳಮೈ. ಹತ್ತೂವರೆಗೆ ಒಣಗಿದ ಗುಲಾಬಿ, ಅದರ ಹಿಂದೆಯೇ ಒದ್ದೆ ಮಣ್ಣು. ಇದೇನು, ಮನೆಯ ದೀಪಗಳನ್ನು ಯಾರೋ ಒಂದೊಂದಾಗಿ ಹಚ್ಚುತ್ತ ಬರುತ್ತಿದ್ದಾರೆ ಅನ್ನಿಸಿತು. ಹನ್ನೊಂದಕ್ಕೆ ಎಡಗಡೆ ಡ್ರಾಯರು ತೆರೆಯಿತು.

ಹನ್ನೆರಡಕ್ಕೆ ಎಲ್ಲವೂ ಒಟ್ಟಿಗೆ ಬಂತು. ಅದನ್ನು ಹೇಗೆ ಬರೆಯಲಿ? ಈ ವಾಸನೆ, ಆ ವಾಸನೆ ಎಂದು ಬಿಡಿಸಲಾಗಲಿಲ್ಲ. ರಟ್ಟು, ಹಾಳೆ, ದಾರ, ಅಂಟು ಎಲ್ಲ ಮಾಯವಾಗಿ ಪುಸ್ತಕ ಮಾತ್ರ ಉಳಿಯುತ್ತದಲ್ಲ, ಹಾಗೆ. ಒಗರು ಎಲ್ಲೂ ಹೋಗಿರಲಿಲ್ಲ, ರೇಷ್ಮೆಯಾಗಿತ್ತು. ಉಗಿಯುವ ಬೋಗುಣಿ ಪಕ್ಕದಲ್ಲೇ ಇತ್ತು. ವೃತ್ತಿಗೆ ಸೇರಿದ ಮೇಲೆ ಮೊದಲ ಸಲ ನುಂಗಿದೆ. ನುಂಗಿದ ಮೇಲೂ ಅದು ಹೋಗಲಿಲ್ಲ. ಬಸ್ಸು ಬಂತು, ಜನ ಹತ್ತಿದರು, ಹೊರಟಿತು. ಬಾಯಲ್ಲಿ ಅದು ಇನ್ನೂ ಮಾತಾಡುತ್ತಿತ್ತು. ಒಂಬತ್ತು ವರ್ಷ ಕತ್ತಲಲ್ಲಿ, ಯಾರ ಮೆಚ್ಚುಗೆಯೂ ಇಲ್ಲದೆ, ಒಂದು ಸೀಸೆ ಇಷ್ಟೆಲ್ಲ ಮಾಡಿಕೊಂಡಿದೆ. ಎದ್ದು ನಿಂತೆ. ಕೋಣೆಯಲ್ಲಿ ಯಾರೂ ಇರಲಿಲ್ಲ. ಆದರೂ ಕೂತಿರುವುದು ಮರ್ಯಾದೆ ಅನ್ನಿಸಲಿಲ್ಲ.

ಇದು ನಾನು ಹನ್ನೊಂದು ಕೊಟ್ಟ ವೈನು.

ಈಗ ನಿನ್ನ ಪ್ರಶ್ನೆ. ಆ ದಿನ ಇದು ನಲವತ್ತೊಂದನೆಯ ಲೋಟ. ಸುರಿಯುವ ಮೊದಲು ಕಾರ್ಯದರ್ಶಿ ಒಂದು ಚೀಟಿ ಓದಿದರು. “ನಾಲ್ಕು ಗಂಟೆ ಮೊದಲೇ ತೆರೆಯಿರಿ ಅಂತ ಬರೆದಿದ್ದಾರೆ ಸಾರ್.” ನಾನು ಮುಖ್ಯಸ್ಥ. “ಯಾರಿಗೂ ವಿಶೇಷ ಉಪಚಾರ ಬೇಡ” ಎಂದು ಚೀಟಿಗೆ ಗೀಟು ಹೊಡೆದೆ. ಯಾರದೆಂದು ಅಲ್ಲಿಯವರೆಗೆ ನಿಜವಾಗಿ ಗೊತ್ತಿರಲಿಲ್ಲ.

ಲೋಟ ಮೂಗಿಗೆ ಹಿಡಿದೆ. ಕದ ಮುಚ್ಚಿತ್ತು, ನಿಜ. ಆದರೆ ಕದದ ಸಂದಿಯಿಂದ ಅಪ್ಪನ ಕೋಣೆ ಬರುತ್ತಿತ್ತು. ಇದನ್ನು ಮಾಡಬಲ್ಲವರು ಲೋಕದಲ್ಲಿ ಒಬ್ಬಳೇ. ಗುರುತು ಹಿಡಿದೆ, ಅಕ್ಕಾ. ಮೂಗು ಹದಿನೇಳು ಅಂದಿತು. ಹದಿನೇಳು ಬರೆದರೆ, ನಾಳೆ ಗೊತ್ತಾದಾಗ, ‘ಅಕ್ಕನಿಗೆ ಕೊಟ್ಟ’ ಅನ್ನುತ್ತಾರೆ. ಎದ್ದು, “ಇದು ನಮ್ಮ ಮನೆಯದು, ನಾನು ಬರೆಯಲ್ಲ” ಅಂದು ಹೊರಗೆ ಹೋಗಬಹುದಿತ್ತು. ನಾಲ್ಕು ಜನರೆದುರು ಬಾಯಿ ಬರಲಿಲ್ಲ. ನ್ಯಾಯವಂತನಾಗಿ ಕಾಣಬೇಕೆಂದು ಹನ್ನೊಂದು ಬರೆದೆ. ಆಮೇಲೆ ನಿನಗೆ, ‘ಯಾರದೆಂದು ಗೊತ್ತಿರಲಿಲ್ಲ’ ಎಂದೂ ಬರೆದೆ.

ಇಷ್ಟೇ.

ಇಂದು ಎಷ್ಟು ಕೊಡುತ್ತೀಯ ಎಂದು ಕೇಳಬೇಡ. ಇಪ್ಪತ್ತು ಎಂಬುದು ತೀರಾ ಸಣ್ಣ ಸಂಖ್ಯೆ.

ತಮ್ಮ


ಏಪ್ರಿಲ್ 14

ಅಂಕಪ್ಪಾ,

ಮೂರು ವಾರ ನಿನ್ನನ್ನು ಬೈಯುತ್ತಿದ್ದೆ, ಅದಕ್ಕೆ ತಡ. ಏನೇನು ಬೈದೆ ಎಂದು ಬರೆದರೆ ಲಕೋಟೆ ಸುಟ್ಟುಹೋಗುತ್ತದೆ. ಪೀಪಾಯಿಗಳೆಲ್ಲ ಕೇಳಿಸಿಕೊಂಡಿವೆ. ಈ ವರ್ಷದ ವೈನು ಸ್ವಲ್ಪ ಖಾರವಾದರೆ ನೀನೇ ಕಾರಣ.

ಆಮೇಲೆ ಒಂದು ಬೆಳಿಗ್ಗೆ ನಿನ್ನ ಪತ್ರವನ್ನು ಪೀಪಾಯಿ ಮಾಮನಿಗೆ ಓದಿದೆ. ಅವನು ಪೀಪಾಯಿಯ ಪಟ್ಟಿ ಬಿಗಿಯುತ್ತಲೇ, “ಹಂಗಾದ್ರೆ ಹುಡುಗನ ಮೂಗು ಸರಿಯಾಗೇ ಇದೆಯಲ್ಲಮ್ಮ?” ಅಂದ.

ನೋಡು. ಕಾಲೇಜು ಓದಿದ ನಾನು ಮೂರು ವಾರದಲ್ಲಿ ಕಾಣದ್ದನ್ನು ಅವನು ಒಂದು ಉಸಿರಿನಲ್ಲಿ ಕಂಡ. ಮುಚ್ಚಿದ ಕದದ ಸಂದಿಯಿಂದ, ನಲವತ್ತು ಲೋಟದ ಮೇಲೆ, ಅಪ್ಪನ ಕೋಣೆಯನ್ನು ಗುರುತು ಹಿಡಿದ ಮೂಗದು. ತಪ್ಪು ಮಾಡಿದ್ದು ಪೆನ್ನು. ನಿನ್ನ ಮೂಗು ತಪ್ಪಿದ್ದಿದ್ದರೆ ನಿನ್ನನ್ನು ಕ್ಷಮಿಸುವುದು ಸುಲಭವಿತ್ತು, ನಂಬುವುದಕ್ಕಾಗುತ್ತಿರಲಿಲ್ಲ. ಈಗ ಉಲ್ಟಾ. ನಂಬಿದ್ದೇನೆ. ಕ್ಷಮಿಸುವುದು ಪೀಪಾಯಿಯಲ್ಲಿದೆ, ಹಣ್ಣಾಗಲಿ.

ನೀನು ಬಾಯಿ ಬಿಟ್ಟದ್ದು ನನಗೂ ಅಂಟಿಕೊಂಡಿತು. ಅವತ್ತೇ ಮಾಲೀಕರ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ನನಗೆ ವಾಸನೆ ಇಲ್ಲ ಅಂದೆ. ಅವರು ಕನ್ನಡಕ ತೆಗೆದು, “ಮೇಡಂ, ಮೂರು ತಿಂಗಳಿಂದ ನೀವು ಯಾವುದಕ್ಕೂ ಮೂಗು ಮುರಿದಿಲ್ಲ. ನನಗೆ ಆವಾಗ್ಲೇ ಅನುಮಾನ” ಅಂದರು. ನಾನು ನಗಲೂ ಇಲ್ಲ, ಅಳಲೂ ಇಲ್ಲ, ಸೀನಿದೆ. ನಿನ್ನ ಎರಡು ಪತ್ರ ಅವರ ಮುಂದಿಟ್ಟೆ. ಓದಿ ಮುಗಿಸಿ, “ಆ ಹಳೇದು ಇನ್ನೂ ಎಷ್ಟಿದೆ?” ಎಂದು ಕೇಳಿದರು. “ಮೂರು ಸೀಸೆ.” “ಏಪ್ರಿಲ್ ಮುಗಿಯೋವರೆಗೂ ಟೈಮಿದೆ. ನೀವು, ನಿಮ್ಮ ತಮ್ಮ ಸೇರಿ ಮಾಡಿ ತೋರಿಸಿ. ಆಗಲಿಲ್ಲ ಅಂದ್ರೆ ಸಲಹೆಗಾರರನ್ನ ಕರೀತೀನಿ” ಅಂದರು.

ಹಾಗಾಗಿ ಬೆರೆಸಿದೆ. ಅಳತೆಯ ಗಾಜಿನ ಕೊಳವೆ ಮುಂದೆ, ನಿನ್ನ ಪತ್ರ ಪಕ್ಕಕ್ಕೆ. ರಟ್ಟು ಎಂದು ಓದುವುದು, ಸುರಿಯುವುದು, ನಾಲಿಗೆಗೆ ಹಾಕಿ ಗೋಡೆ ಸವರುವುದು. ಫ್ರಾಂಕ್ ನೂರಕ್ಕೆ ಎಂಟು ಪಾಲು ಹಾಕೋಣ ಎಂದಿದ್ದೆ. ನಿನ್ನ ಡ್ರಾಯರು ಸಿಕ್ಕಿಕೊಂಡು ತೆರೆದದ್ದನ್ನು ಓದಿ ಹನ್ನೆರಡಕ್ಕೆ ಏರಿಸಿದೆ. ದಬ್ಬಣದ ವಿಷಯದಲ್ಲಿ ನಾಲಿಗೆ ಬೇಡ ಅಂದಿತು, ನೀನು ಬಿಡಬೇಡ ಅಂದಿದ್ದೆ. ಐದಕ್ಕೆ ರಾಜಿಯಾಯಿತು. ಒಂದು ಕ್ಷಣ ಕೈ ನಿಂತುಬಿಟ್ಟಿತು. ನನ್ನ ನಾಲಿಗೆ ಇಲ್ಲಿ, ನನ್ನ ಮೂಗು ಬಸ್ ನಿಲ್ದಾಣದ ಎದುರು ಮೂರನೆಯ ಮಹಡಿಯಲ್ಲಿ. ಇಷ್ಟು ದೊಡ್ಡ ಮುಖ ಯಾರಿಗಿದೆ!

ಮೂರು ಬಗೆ ಮಾಡಿ ಕಳಿಸಿದ್ದೇನೆ. ಅ, ಆ, ಇ. ಯಾವುದು?

ಅಕ್ಕ


ಏಪ್ರಿಲ್ 25

ಅಕ್ಕಾ,

‘ಅ’ ಚೆನ್ನಾಗಿದೆ. ಆದರೆ ಈಗಲೇ ಎಲ್ಲ ಹೇಳಿಬಿಡುತ್ತದೆ, ಮೊದಲ ಭೇಟಿಯಲ್ಲೇ ಮನೆಯ ಕಥೆ ಬಿಚ್ಚುವ ಸಹಪ್ರಯಾಣಿಕನ ಹಾಗೆ. ‘ಆ’ ತೂಕದ್ದು. ಸ್ಪರ್ಧೆಯಲ್ಲಿ ಪದಕ ಗೆಲ್ಲುತ್ತದೆ, ಆದ್ದರಿಂದ ಬೇಡ.

‘ಇ’. ಬೆಳಿಗ್ಗೆ ತೆರೆದೆ. ಮಧ್ಯಾಹ್ನದವರೆಗೆ ಕದ ತೆರೆಯಲೇ ಇಲ್ಲ. ಆದರೆ ಒಳಗೆ ಯಾರೋ ನಡೆದಾಡುವ ಸದ್ದು. ಹೊರಗೇ ಕೂತುಬಿಟ್ಟೆ. ಹತ್ತು ವರ್ಷದ ಮೇಲೆ ಅದು ಏನಾಗುತ್ತದೆಂದು ಗೊತ್ತಿಲ್ಲ. ಏನೋ ಆಗುತ್ತದೆಂದು ಗೊತ್ತಾಗುವುದೇ ಎಂಥ ಭಾಗ್ಯ! ನಾನು ಇಷ್ಟು ವರ್ಷ ಮೊಟ್ಟೆಗಳಿಗೆ ಹಾರಾಟದ ಅಂಕ ಕೊಡುತ್ತಿದ್ದೆ.

ಸ್ಪರ್ಧೆಯ ಕಚೇರಿಗೆ ಹೋಗಿ, ಒಂಬತ್ತು ವರ್ಷದ ಹಿಂದೆ ನಾನು ಕೊಟ್ಟ ಅಂಕ ಸುಳ್ಳು ಎಂದು ಬರೆದುಕೊಟ್ಟೆ. ಕಾರ್ಯದರ್ಶಿ ಎರಡು ಸಲ ಓದಿದರು. “ಸಾರ್, ಅಂಕ ತಿದ್ದೋದಕ್ಕೆ ನಮೂನೆ ಇದೆ, ಆದ್ರೆ ಅದು ಮೂವತ್ತು ದಿನದೊಳಗೆ.” “ಅದರಾಚೆಗೆ?” “ಅದರಾಚೆಗೆ ಮನಸ್ಸಾಕ್ಷಿ ಸಾರ್. ಅದಕ್ಕೆ ನಮೂನೆ ಇಲ್ಲ.” ಆದರೂ ಕಡತದಲ್ಲಿ ಹಾಕಿಕೊಂಡರು. ನನ್ನನ್ನು ಈ ವರ್ಷದ ಪಟ್ಟಿಯಿಂದ ತೆಗೆದಿದ್ದಾರೆ. ಮುಂದಿನ ವರ್ಷ ನೋಡೋಣ ಅಂದರು. ನೋಡಲಿ.

ತಮ್ಮ


ಮೇ 29

ಅಂಕಪ್ಪಾ,

‘ಇ’ ಸೀಸೆಗೆ ಇಳಿಯಿತು. ಯಂತ್ರ ಮೂರು ದಿನ ಟಣಟಣ ಅಂದು ಹೋಯಿತು. ಮಾಲೀಕರು ರುಚಿ ನೋಡಿ, “ಈಗ ಏನೂ ಗೊತ್ತಾಗ್ತಿಲ್ವಲ್ಲ ಮೇಡಂ” ಅಂದರು. ನಾನು ಹಳೆಯದರ ಒಂದು ಸೀಸೆ ಅವರ ಮೇಜಿನ ಮೇಲೆ ತೆರೆದಿಟ್ಟು ಬಂದೆ. ಸಂಜೆ ಅವರೇ ಮೆಟ್ಟಿಲಿಳಿದು ಕೆಳಗೆ ಬಂದರು. ಪೀಪಾಯಿಗಳ ನಡುವೆ ಒಂದು ಸುತ್ತು ಹಾಕಿ, “ಮುಂದಿನ ವರ್ಷಾನೂ ಇಬ್ರೂ ಮಾಡಿ” ಎಂದು ಹೇಳಿ ಹತ್ತಿ ಹೋದರು. ಸಲಹೆಗಾರನ ಮಾತೇ ಇಲ್ಲ.

ಪೀಪಾಯಿ ಮಾಮನಿಗೂ ಆ ಹಳೆಯ ಸೀಸೆಯಿಂದಲೇ ಒಂದು ಲೋಟ ಕೊಟ್ಟಿದ್ದೆ. ಒಂದು ಗುಟುಕು ಕುಡಿದು, ಟೋಪಿ ತೆಗೆದು ಪೀಪಾಯಿಯ ಮೇಲಿಟ್ಟ. ಇಪ್ಪತ್ತೆರಡು ವರ್ಷದಲ್ಲಿ ಅವನ ತಲೆಯನ್ನು ನಾನು ನೋಡಿದ್ದು ಅದೇ ಮೊದಲು. ಪೂರ್ತಿ ಬೋಳು. ನನಗೆ ಕಣ್ಣು ತುಂಬಿ ಬಂತು, ಅವನು ತನ್ನ ಬೋಳಿಗೆ ಅಂದುಕೊಂಡ.

ಇನ್ನು ನನ್ನ ಮೂಗಿನ ಸಮಾಚಾರ. ನಿನ್ನೆ ಮೆಟ್ಟಿಲಿಳಿಯುವಾಗ ಹತ್ತನೆಯದರಲ್ಲಿ ಏನೋ ಸುಳಿಯಿತು. ಮರವೋ, ನೀನು ಬರೆದದ್ದರ ನೆನಪೋ ತಿಳಿಯಲಿಲ್ಲ. ಹನ್ನೊಂದಕ್ಕೆ ಇಳಿದು ಮತ್ತೆ ಹತ್ತಕ್ಕೆ ಹತ್ತಿದೆ. ಇರಲಿಲ್ಲ. ಇವತ್ತು ಅಲ್ಲೇ ಐದು ನಿಮಿಷ ನಿಂತಿದ್ದೆ. ನಾಳೆಯೂ ನಿಲ್ಲುತ್ತೇನೆ.

ಹಳೆಯದು ಇನ್ನು ಎರಡು ಸೀಸೆ ಉಳಿದಿದೆ. ನೀನು ಹೇಳು, ನಾನು ಕೇಳುತ್ತೇನೆ. ಪತ್ರದಲ್ಲಲ್ಲ, ಎದುರಿಗೆ. ಅಪ್ಪನ ಕ್ಯಾಲಿಕೋ ತುಂಡೊಂದು ನನ್ನ ಪೆಟ್ಟಿಗೆಯಲ್ಲಿದೆ, ಕಣ್ಣು ಕಟ್ಟುತ್ತೇನೆ. ಮಾರ್ಕು ಕೊಡುವುದಿಲ್ಲ.

ಭಾನುವಾರ ನಿಮ್ಮೂರಿನ ಬಸ್ಸು ಇಲ್ಲಿಗೆ ಮೂರು ಗಂಟೆಗೆ ಬರುತ್ತದೆ. ನಾನು ಬಿರಡೆ ಹನ್ನೊಂದಕ್ಕೇ ತೆಗೆದಿಟ್ಟಿರುತ್ತೇನೆ.

ನಿನ್ನ ಅಕ್ಕ